ದೇವರ ಪಾಲಿನ ಎಳನೀರು

ಹಿಂದಿನಿಂದ ಇನ್ನೊಂದು ಗುದ್ದು!

ನನ್ನ ಓಮ್ನಿ ರಸ್ತೆ ಬಿಟ್ಟು ಮಣ್ಣಿಗಿಳಿದು ಮತ್ತೆ ಹತ್ತಿತು. ಹೊಳೆನರಸೀಪುರ ದಾಟಿದ್ವಿ. ಕನ್ನಡೀಲಿ ನಟರಾಜನ ಬೊಲೆರೋ ಕಾಣ್ತಿತ್ತು.

"ಗಟ್ಟಿಯಾಗಿ ಹಿಡ್ಕೊಳ್ಳಲಾ ಹುಚ್ಚಯ್ಯ."

"ಯಾವ ಕೈಲಿ ಇಡ್ಕಳ್ಳಲಕ್ಕ?"

ಅದೂ ನಿಜವೇ. ತೆಂಗಿನ ಮರ ಹತ್ತಿ ಎಳನೀರು ಇಳಿಸ್ತಿದ್ದ ಆಳು. ಈಗ ಎರಡು ಕೈಯೂ ಮಣಿಕಟ್ಟಿನಿಂದ ಜೋತುಬಿದ್ದಿದ್ದವು... ಕತ್ತು ಮುರಿದ ಕೋಳಿ ಹಾಗೆ.

ನಾನು ಬೆಟ್ಟಮ್ಮ. ಜಗಳ ಮುಗಿಸೋದು, ಬಾಯಿ ಮುಚ್ಚಿಸೋದು ನನ್ನ ಕಸುಬು. ಈ ಸಲ ಕರೆಸಿದವರು ಈಶ್ವರಯ್ಯ ಸಾವ್ಕಾರ್ರು. ಚನ್ನರಾಯಪಟ್ಟಣದ ಹತ್ರ ಅವರ ತೋಟ. ತೋಟದ ಹಿಂದೆ ಒಂದು ಶೆಡ್ಡು. ಅಲ್ಲಿ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸ್ತಾರೆ. ತೊಳೆದ ನೀರು ಬಾವಿಗೆ. ಬಾವಿ ನೀರು ಮರಕ್ಕೆ. ಮರದ ಎಳನೀರು ಲಾರಿ ಹತ್ತಿ ಮಂಗಳೂರಿಗೆ.

ಮೊದಲು ಹಸುಗಳು ಕುರುಡಾದ್ವು. ಗೋಡೆಗೆ ತಲೆ ಒತ್ತಿ ನಿಂತು ನಿಂತೇ ಸತ್ತವು. ಆಮೇಲೆ ಹುಚ್ಚಯ್ಯನ ಕೈ ಬಿತ್ತು. ಅವನು ಡಾಕ್ಟರ ಹತ್ರ ಬಾಯಿ ಬಿಡೋದರೊಳಗೆ ಎಲ್ಲಾದ್ರೂ ದೂರ ಸಾಗಿಸು ಅಂದಿದ್ರು ಸಾವ್ಕಾರ್ರು.

ಅರಕಲಗೂಡಿನಲ್ಲಿ ತಂಗಿ ಮನೇಲಿ ಸಿಕ್ಕಿದ. ಆ ತಂಗಿ ಮುದ್ದೆ ಮುರಿದು ಅವನ ಬಾಯಿಗೆ ಇಡ್ತಿದ್ಲು. ಅವನು ಬೇರೇನೂ ಕೇಳಲಿಲ್ಲ. ಹಾಸನದ ದೊಡ್ಡಾಸ್ಪತ್ರೆಗೆ ಸೇರಿಸಕ್ಕ, ಈ ಕೈ ಎದ್ದರೆ ಸಾಕು ಅಂದ.

ನಾನು ಪಕ್ಷ ಬದಲಿಸಿದೆ. ನನ್ನ ಕಸುಬಿನಲ್ಲಿ ಇದು ತಪ್ಪು. ಗೊತ್ತು.

ಹಾಸನದ ದಾರಿಗೆ ಸಾವ್ಕಾರ್ರ ಆಳು ನಟರಾಜ ಅಡ್ಡ ನಿಂತ. ಈ ಕಡೆ ತಿರುಗಿಸಿದೆ. ಬೆನ್ನು ಬಿದ್ದ.

"ಎಲ್ಲಿಗಕ್ಕ ಓಗ್ತಿದ್ದೀಯ?"

"ಸಾವ್ಕಾರ್ರ ಮನೆಗೇ."

ಯಾರೂ ತಮ್ಮ ಅಂಗಳದಲ್ಲಿ ಹೆಣ ಬೀಳಿಸಲ್ಲ, ನೋಡಿ. ಅದೂ ಪೂಜೆ ಹೊತ್ತಲ್ಲಿ.

ಅಂಗಳಕ್ಕೆ ನುಗ್ಗಿದಾಗ ಓಮ್ನಿ ಹೊಗೆ ಕಾರಿ ಸತ್ತಿತು. ಇಳಿಯೋದರೊಳಗೆ ನಟರಾಜನ ಮಚ್ಚು ನನ್ನ ಕತ್ತಿಗೆ ಬಂತು. ತಣ್ಣಗಿತ್ತು. ಜಗಲಿ ಮೇಲೆ ಈಶ್ವರಯ್ಯ. ಹಣೆ ತುಂಬ ವಿಭೂತಿ. ಪಕ್ಕದಲ್ಲಿ ಎಳನೀರು ಗೊನೆ.

"ನಾ ಹೇಳಿದ್ದೇನು, ನೀ ಮಾಡಿದ್ದೇನು ಬೆಟ್ಟಮ್ಮ?"

"ನಿಮ್ಮ ಕಾರು ಕೊಡಿ ಸಾವ್ಕಾರ್ರೇ. ಇವನನ್ನ ಆಸ್ಪತ್ರೆಗೆ ಬಿಟ್ಟು ಬತ್ತೀನಿ."

"ಕಾರು ಮಗಳ ಹೆರಿಗೆಗೆ ಅಂತ ನಿಂತದೆ. ಕೂಲಿಯೋರ ಕೈಗಲ್ಲ."

"ಆ ಗೊನೆ ಯಾವ ತ್ವಾಟದ್ದು?"

ಸಾವ್ಕಾರ್ರು ಗೊನೇನ ಹಿಂದಕ್ಕೆ ತಳ್ಳಿದ್ರು. ಓಮ್ನಿಯೊಳಗಿಂದ ಹುಚ್ಚಯ್ಯ ಹೇಳಿದ.

"ದುದ್ದದ ಸಂತೇಲಿ ಕೊಂಡಿದ್ದು ಕಣಕ್ಕ. ದನ ಸತ್ತಾಗ್ಲಿಂದ ಮನೆಯೋರಿಗೆ ಇಲ್ಲೀದು ಕೊಡಕಿಲ್ಲ. ನುಸಿ ಬಿದ್ದದೆ ಅಂತ ಅಮ್ಮಾರಿಗೆ ಏಳವ್ರೆ."

ಇಬ್ಬರನ್ನೂ ಶೆಡ್ಡಿಗೆ ಎಳೀಲಾ ಅಂದ್ರು ಈಶ್ವರಯ್ಯ. ಮಚ್ಚು ಚರ್ಮಕ್ಕೆ ಒತ್ತಿತು...

ಬಾಗಿಲು ತೆರೀತು. ಅವರ ಹೆಂಡತಿ ಶಿವಗಂಗಮ್ಮ ತೀರ್ಥದ ತಂಬಿಗೆ ಹಿಡಿದು ಬಂದ್ರು. ಹಿಂದೆ ತುಂಬು ಬಸುರಿ ಮಗಳು ಸೌಜನ್ಯ, ಒದ್ದೆ ತುಟಿ ಒರೆಸಿಕೊಳ್ತಾ. ನಟರಾಜ ಮಚ್ಚನ್ನ ಬೆನ್ನ ಹಿಂದೆ ಮರೆಸಿದ. ಪೂಜೆ ಹೊತ್ತಿಗೆ ಬಂದೋರನ್ನ ಬರಿಗೈಲಿ ಕಳಿಸಬಾರದಲ್ಲ, ಅಮ್ಮಾವ್ರು ನನ್ನ ಅಂಗೈಗೂ ಮೇಲಿಂದ ಸುರಿದ್ರು. ಅಭಿಷೇಕದ ಎಳನೀರು.

ಕುಡೀಲಿಲ್ಲ ನಾನು.

"ಇದೂ ದುದ್ದದ್ದಾ ಅಮ್ಮಾವ್ರೇ?"

"ದೇವ್ರಿಗೆ ಕೊಂಡು ತಂದಿದ್ದು ಸಲ್ತದೇನೆ? ನಮ್ಮ ತ್ವಾಟದ್ದೇ. ನುಸಿ ಬೀಳೋದು ಕಾಯಿಗೆ, ನೀರಿಗೇನು ಬಂತು? ಹೆರಿಗೆಗೆ ಬಂದಾಗಿಂದ ಇವಳಿಗೆ ದಿನಾ ಒಂದು ಲೋಟ. ಕೂಸಿಗೆ ಒಳ್ಳೇದು."

ಈಶ್ವರಯ್ಯ ಎದ್ದು ನಿಂತ್ರು. ವಿಭೂತಿ ಮೇಲೆ ಬೆವರು ಇಳೀತು. ಹೆಂಡತಿ ಯಾಕ್ರೀ ಅಂತ ಕೇಳ್ತಾನೇ ಇದ್ರು. ಸಾವ್ಕಾರ್ರು ಮಗಳ ರೆಟ್ಟೆ ಹಿಡಿದು ಬರಿಗಾಲಲ್ಲೇ ಕಾರಿನ ಕಡೆಗೆ ಓಡಿದ್ರು. ನಟರಾಜನಿಗೆ ಮಚ್ಚು ಎಲ್ಲಿಡಬೇಕು ಅಂತ ತಿಳೀಲಿಲ್ಲ.

ನಾನು ಅಂಗೈ ಕೊಡವಿದೆ. ಸೌಜನ್ಯಳ ಪಕ್ಕಕ್ಕೆ ಹುಚ್ಚಯ್ಯನನ್ನ ತಳ್ಳಿ ಮುಂದೆ ಹತ್ತಿ ಕೂತೆ. ಸಾವ್ಕಾರ್ರು ಗೇರು ಹಾಕಿದ್ರು.

ಹಾಸನದ ದಾರೀಲಿ ಶಾಂತಿಗ್ರಾಮ ದಾಟಿತು. ಸಾವ್ಕಾರ್ರು ಕನ್ನಡೀಲಿ ಹುಚ್ಚಯ್ಯನನ್ನ ನೋಡಿ ಕೇಳಿದ್ರು.

"ನಿಂಗೆ ಮೊದ್ಲು... ಹೆಂಗೆ ಶುರುವಾಯ್ತಲಾ?"

ಹುಚ್ಚಯ್ಯ ತನ್ನ ಕೈಗಳನ್ನ ನೋಡಿಕೊಂಡ.

"ಬಾಯಿ ಸೀ ಆಯ್ತದೆ ಸಾ. ತೀರ್ಥ ಕುಡ್ದಂಗೆ."