ಕಾಶವ್ವನ ಗೋಡೆಯ ಸಾಕ್ಷಿ

ಯಂತ್ರವು ಹಲ್ಲಿಯಂತೆ ಗೋಡೆಗೆ ಕಚ್ಚಿಕೊಂಡು ಸುಣ್ಣ ತಿನ್ನತೊಡಗಿದಾಗ, ಇಡೀ ಓಣಿ ಕಾಶವ್ವನ ಬಾಗಿಲಿಗೆ ಬಂದು ನಿಂತಿತ್ತು. ಗೋಡೆಗೂ ಕಿವಿಯುಂಟು ಎಂದು ಹಿರಿಯರು ಹೇಳಿ ಬಿಟ್ಟಿದ್ದರು. ವಿಜ್ಞಾನಿ ಮೃಣಾಲಿನಿ ದೇಸಾಯಿಯವರು ಅದಕ್ಕೆ ಬಾಯನ್ನೂ ಕೊಟ್ಟರು. ಯಂತ್ರದ ಹೆಸರು ಭಿತ್ತಿವಾಣಿ. ಮನೆಯಲ್ಲಿ ಆಡಿದ ಮಾತು ಸುಣ್ಣದ ಮೇಲೆ ಕೂದಲೆಳೆಗಿಂತ ಸಣ್ಣ ಗೀರಾಗಿ ಕೂರುತ್ತದೆ. ಮರುವರ್ಷದ ದೀಪಾವಳಿಗೆ ಬಳಿದ ಸುಣ್ಣ ಅದನ್ನು ಮುಚ್ಚಿ ಕಾಯುತ್ತದೆ. ಯಂತ್ರದ ಸೂಜಿ ಪದರ ಪದರವಾಗಿ ಕೆರೆದು ಆ ಮಾತನ್ನು ಕೇಳಿಸುತ್ತದೆ. ಕೆರೆದದ್ದು ಪುಡಿ; ಆ ಮಾತು ಮತ್ತೆ ಸಿಗದು. ಮೊಮ್ಮಕ್ಕಳ ಕಾಲಕ್ಕೂ ಮುಗಿಯದ ಸಿವಿಲ್ ದಾವೆಗಳು ಈಗ ಚಹಾ ಆರುವುದರೊಳಗೆ ಮುಗಿಯುತ್ತಿದ್ದವು.

ಜಗಳ ಒಂದು ಕೋಣೆಯದು. ಮಾವ ಅದನ್ನು ವಿಧವೆ ಸೊಸೆ ಕಾಶವ್ವನಿಗೆ ಬಾಯಿಮಾತಿನಲ್ಲೇ ಕೊಟ್ಟು ಸತ್ತಿದ್ದ. ಕೊಟ್ಟೇ ಇಲ್ಲವೆಂದು ಅದೇ ಗೋಡೆಯಾಚೆಯ ಕೋಣೆಯಲ್ಲಿದ್ದ ಮೈದುನ ಸಂಗನಬಸಪ್ಪ ಕೋರ್ಟಿಗೆ ಹೋಗಿದ್ದ. ಸೋತರೆ ಅವಳಿಗೆ ಸೂರಿಲ್ಲ.

"ಏ ಸಂಗ್ಯಾ, ನಿನ್ನ ಕಡಿ ಗ್ವಾಡಿ ಸುಣ್ಣಾ ಕಂಡು ಯಾವ ಕಾಲಾತು? ಅದಕ್ಕ ಮೂಕ ಕುಂತೈತಿ," ಎಂದು ಕಾಶವ್ವ ಹಂಗಿಸಿದಳು. "ನಾ ಒಂದ್ ದೀಪಾವಳೀನೂ ತಪ್ಪಿಸಿಲ್ಲ."

"ನೋಡೂಣಂತ ವೈನಿ, ನಿಮ್ಮ ಗ್ವಾಡಿ ಏನ್ ಪುರಾಣ ಹೇಳ್ತೈತಿ," ಎಂದು ಅವನು ಹಲ್ಲು ಕಿಸಿದ.

ಸೂಜಿ ಸದ್ದಿಲ್ಲದೆ ಕೆರೆಯುತ್ತಿತ್ತು. ಮೃಣಾಲಿನಿಯವರು ಯಂತ್ರದ ಪರದೆ ನೋಡಿ, "ಮುಂದಿನ ಪದರದಾಗ ಸಣ್ಣ ಹುಡುಗಿ ದನಿ ಅದ. ದಾವೇಕ್ಕ ಸಂಬಂಧಿಲ್ಲ, ಹಂಗ ಪುಡಿ ಮಾಡ್ತೀವಿ. ಅದರ ಕೆಳಗ ನಿಮ್ಮ ಮಾವನವರ ಮಾತು," ಎಂದರು.

ಕಾಶವ್ವ ಯಂತ್ರದ ಹತ್ತಿರ ಧಾವಿಸಿದಳು. ಆ ಮನೆಯಲ್ಲಿ ಇದ್ದ ಸಣ್ಣ ಹುಡುಗಿ ಒಬ್ಬಳೇ, ಜ್ವರದಲ್ಲಿ ಹೋದ ಅವಳ ಮಗಳು ಚಂಪಿ.

"ಬಾಯಾರ, ಒಮ್ಮೆ ಕೇಳಸ್ರಿ. ಆಮ್ಯಾಲ ಬೇಕಾದ್ರ ಪುಡಿ ಮಾಡ್ರಿ," ಎಂದು ಮೃಣಾಲಿನಿಯವರನ್ನು ಬೇಡಿದಳು.

ಕೋರ್ಟಿನ ಕಮಿಷನರು ಅಡ್ಡ ಬಂದರು. "ಕೇಳಸಂಗಿಲ್ಲ ಅವ್ವಾ. ದೊಡ್ಡ ಕೋರ್ಟು ಹೊಸದಾಗಿ ತೀರ್ಪು ಕೊಟ್ಟೈತಿ. ದಾವೇಕ್ಕ ಸಂಬಂಧಿಲ್ಲದ ಮನಿಯೊಳಗಿನ ಮಾತು ನಿಮ್ಮ ಖಾಸಗಿ. ನಿಮ್ಮ ಮಾನ ಕಾಯಾಕ ಮಾಡಿದ ಕಾಯ್ದೆ."

"ನನ್ನ ಖಾಸಗಿ ನನಗ ಕೇಳಸಂಗಿಲ್ಲೇನ್ರಿ?"

"ಯಾರಿಗೂ ಇಲ್ಲ."

"ಹಂಗಾದ್ರ ನಿಂದರಸ್ರಿ!"

"ನಿಂದರಿಸಿದ್ರ ಸಾಕ್ಷಿ ಇಲ್ಲ. ಕೋಣಿ ಹೋತು. ವಿಚಾರ ಮಾಡ್ರಿ."

ವಿಚಾರ ಮಾಡುವ ಹೆಂಗಸೇ ಅವಳು! ಸೂಜಿಗೂ ಗೋಡೆಗೂ ನಡುವೆ ಅಂಗೈ ಇಟ್ಟೇಬಿಟ್ಟಳು. ರಕ್ತ ಬಂತು, ಯಂತ್ರ ನಿಂತಿತು. ಸಾಕ್ಷಿಯಿಲ್ಲದೆ ಅವಳು ದಾವೆ ಸೋತಳು.

ಕೋಣೆ ಬಿಡುವ ದಿನ ಅವಳು ಮೈದುನನ ಕಾಲು ಹಿಡಿದಳು. "ಗ್ವಾಡಿ ಒಂದು ಹಂಗ ಇರಲೋ ಸಂಗ್ಯಾ."

"ಎರಡೂ ಕೋಣಿ ನನ್ನವಾದ ಮ್ಯಾಲ ನಡುವ ಗ್ವಾಡಿ ಯಾಕ ವೈನಿ?" ಎಂದ ಅವನು. ತಪ್ಪೇನಿಲ್ಲದ ಮಾತು. ಸಂಜೆಯೊಳಗೆ ಗೋಡೆ ಮಣ್ಣುಗುಡ್ಡೆಯಾಗಿತ್ತು.

ಆ ಗುಡ್ಡೆ ಕೆದರಿ ಕಾಶವ್ವ ಒಂದು ಸುಣ್ಣದ ಹಕ್ಕಳೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೃಣಾಲಿನಿಯವರ ಪ್ರಯೋಗಾಲಯಕ್ಕೆ ನಡೆದಳು. ಕಾಯ್ದೆ ಕೋರ್ಟಿನ ಸಾಕ್ಷಿಗಷ್ಟೇ, ಬೀದಿಯ ಮಣ್ಣಿಗಲ್ಲ. ಅವರು ಕರಗಿ, "ಅರ್ಧ ಮಾತು ಬಂದರೂ ಪುಣ್ಯ," ಎಂದು ಹಕ್ಕಳೆಯನ್ನು ಯಂತ್ರಕ್ಕೆ ಕೊಟ್ಟರು.

ಪೂರ್ತಿ ಮಾತೇ ಬಂತು. ಗಂಟೆ ಹೊಡೆದಷ್ಟು ಸ್ಪಷ್ಟ. ದನಿ ಮಾತ್ರ ಹರೆಯದ ಕಾಶವ್ವನದು.

"ಚಂಪೀ, ಒಂದ್ ಗಳಿಗಿ ಬಾಯಿ ಮುಚ್ಚಬೇ! ಎಷ್ಟ್ ವದರ್ತಿ, ತಲಿ ಚಿಟ್ಟ ಹಿಡೀತು."

ಹುಡುಗಿ ಹೇಳಿದ ಮಾತು ಕೇಳುವಂಥವಳು. ಹಕ್ಕಳೆ ಪುಡಿಯಾಗಿ ಮುಗಿಯುವವರೆಗೂ ಮತ್ತೊಂದು ಸದ್ದು ಬರಲಿಲ್ಲ.