ಅಲುಗಿದ ಸ್ಕ್ಯಾನ್

"ನಮ್ಮಮ್ಮನ ಮಂಡಿ ಸ್ಕ್ಯಾನ್ ಮಾಡಿದ್ದು ನೀವೇನಾ?"

ಆಪರೇಷನ್ ಥಿಯೇಟರ್ ಹೊರಗೆ ಅವನು ಸ್ಕ್ಯಾನ್ ಕೋಣೆಯ ಹುಡುಗಿಯನ್ನು ಕೇಳಿದ.

"ಹೌದು..."

"ರೋಬೋಟ್ ಆಪರೇಷನ್ನೇ ಆಗ್ಬೇಕು ಅಂತ ಹಟ ಹಿಡಿದಿದ್ದು ನಾನು. ಅದು ಅರ್ಧಕ್ಕೇ ನಿಂತು, ಡಾಕ್ಟರು ಹಳೇ ಥರ ಕೈಯಲ್ಲೇ ಮಾಡ್ತಿದ್ದಾರಂತೆ. ಅಮ್ಮನ್ನ ನಾನೇ ಈ ಕಷ್ಟಕ್ಕೆ ತಳ್ಳಿದೆ."

ತಪ್ಪು ಅವನದಲ್ಲ, ಯಂತ್ರದ್ದೂ ಅಲ್ಲ. ರೋಬೋಟ್ ಸ್ಕ್ಯಾನ್ ಚಿತ್ರವನ್ನೇ ನಂಬಿ ಮೂಳೆ ಕೊರೆಯುತ್ತದೆ, ಅದಕ್ಕೇ ಸ್ಕ್ಯಾನ್ ಮಾಡುವಾಗ ಕಾಲು ಅಲುಗಲೇಬಾರದು. ಅವನ ತಾಯಿಯೋ ಸುಮ್ಮನೆ ಮಲಗುವ ಪೈಕಿ ಅಲ್ಲ. "ಮಗನಿಗೆ ಹೆಣ್ಣು ಹುಡುಕಿ ಅಲೆದೂ ಅಲೆದೂ ಮಂಡಿ ಸವೀತು ಕಣಮ್ಮ" ಎಂದು ನಕ್ಕಿದ್ದರು. ಅವಳೂ ನಕ್ಕಿದ್ದಳು, ಕಾಲು ಅಲುಗಿತ್ತು. ಚಿತ್ರದ ಒಂದು ಅಂಚು ಮಸುಕಾದದ್ದು ಅವಳಿಗೆ ಕಂಡಿತ್ತು. ಹೊರಗೆ ಉದ್ದ ಸಾಲು... ನಡೆಯುತ್ತೆ ಬಿಡು ಎಂದು ಕಳಿಸಿಬಿಟ್ಟಿದ್ದಳು. ಆ ಚಿತ್ರ ಮೂಳೆಗೆ ತಾಳೆಯಾಗದೆ ಯಂತ್ರ ನಿಂತಿತ್ತು.

ಹೇಳಿಬಿಡು ಎಂದಿತು ಮನಸ್ಸು. "ಹುಷಾರಾಗ್ತಾರೆ ಬಿಡಿ" ಎಂದಷ್ಟೇ ಹೇಳಿ ಹೊರಟುಬಿಟ್ಟಳು.

ತಾಯಿಗೆ ಅಪಾಯವೇನೂ ಆಗಲಿಲ್ಲ. ಆದರೆ ಚೇತರಿಕೆ ಆಮೆಯ ನಡಿಗೆ. ಅವಳು ದಿನಾ ಸಂಜೆ ಅವರ ಮನೆಗೆ ಹೋಗಿ ಕೈಹಿಡಿದು ನಡೆಸಿದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಅವನು ನೀರು ತಂದುಕೊಟ್ಟರೂ ಅವಳು ಅವನ ಮುಖ ನೋಡದೆ ಲೋಟ ತೆಗೆದುಕೊಳ್ಳುತ್ತಿದ್ದಳು.

ಎರಡು ತಿಂಗಳ ನಂತರ ಒಂದು ಸಂಜೆ, ಗೇಟಿನವರೆಗೆ ಬಂದ ಅವನು ನಿಂತ.

"ನಿಮ್ಮಷ್ಟು ಒಳ್ಳೆಯವರನ್ನ ನಾನು ನೋಡಿಲ್ಲ. ನನ್ನನ್ನ ಮದುವೆ ಆಗ್ತೀರಾ?"

ಒಳ್ಳೆಯವರು! ಆ ಮಾತು ಅವಳಿಗೆ ಚುಚ್ಚಿತು. ಅಳುತ್ತಲೇ ಎಲ್ಲವನ್ನೂ ಹೇಳಿದಳು.

ಅವನ ಮುಖ ಕಪ್ಪಿಟ್ಟಿತು. "ತಪ್ಪು ಯಾರಿಂದಾಗಲ್ಲ? ಆದ್ರೆ ನಾನು ದಿನಾ ನನ್ನನ್ನೇ ಬೈಕೊಳ್ತಿದ್ದೆ. ನೀವು ಕೇಳಿಸ್ಕೊಂಡು ಸುಮ್ನಿದ್ರಿ."

ಮರುದಿನ ಅವಳು ಡಾಕ್ಟರ ಮುಂದೆಯೂ ಒಪ್ಪಿಕೊಂಡಳು, ಬೈಸಿಕೊಂಡಳು. ಆ ಮನೆಯ ಕಡೆ ಮತ್ತೆ ತಲೆ ಹಾಕಲಿಲ್ಲ.

ಎಂಟನೇ ದಿನ ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಅವನು ನಿಂತಿದ್ದ.

"ಒಂದು ಲೆಕ್ಕ ತಾಳೆ ಆಗ್ತಿಲ್ಲ" ಎಂದ. "ಅಮ್ಮ ಒಬ್ಬಳೇ ನಡೆಯೋಕೆ ಶುರು ಮಾಡಿ ತಿಂಗಳಾಯ್ತು. ಆಮೇಲೂ ದಿನಾ ಬಂದ್ರಲ್ಲ... ಅದು ಯಾವ ತಪ್ಪಿಗೆ?"

ಅವಳು ತಲೆ ತಗ್ಗಿಸಿದಳು. "ಅದು ತಪ್ಪಿಗಲ್ಲ. ನಿಮ್ಮನ್ನ ನೋಡೋಕೆ."

ಅವನು ಹತ್ತಿರ ಬಂದ. "ಸಿಟ್ಟು ಇನ್ನೂ ಇದೆ."

"ಇರಲಿ. ಇರ್ಬೇಕು."

"ಸಿಟ್ಟಿಟ್ಕೊಂಡೇ ಕರೆಯೋಕೆ ಬಂದಿದ್ದೀನಿ. ಸಂಜೆ ಬರ್ತೀಯಾ?"

ಮೊದಲ ಸಲ ಅವನು ಏಕವಚನದಲ್ಲಿ ಕರೆದಿದ್ದ. ಅವಳ ಕಣ್ಣು ತುಂಬಿ ಬಂತು.

"ಬರ್ತೀನಿ" ಎಂದಳು.