ಮೊದಲನೆಯ ‘ಬೇಡ’

“ಕಾಫಿ ತಗೋತೀರಾ?”

ಪರದೇಶದ ಆ ಟೈಲರ್ ಅಂಗಡಿಯಲ್ಲಿ ಅವಳ ಮೊದಲ ದಿನ. ಕಪ್ ಹಿಡಿದು ನಿಂತಿದ್ದ ಕಟಿಂಗ್ ಮಾಸ್ಟರನ ಕಣ್ಣು ನೋಡಿದ್ದೇ, ಸೂಜಿ ಬೆರಳಿಗೇ ಚುಚ್ಚಿತು!

“ಅಯ್ಯೋ, ಬೇಡ...”

ಅವಳ ಮನೆಯಲ್ಲಿ ಇದು ಬರೀ ಶುರು. ಇನ್ನೆರಡು ಸಲ ಒತ್ತಾಯ ಮಾಡಿಸಿಕೊಂಡು, ‘ಒಂದೇ ಗುಟುಕು’ ಎನ್ನುತ್ತಾ ಲೋಟ ಖಾಲಿ ಮಾಡುವುದೇ ಮರ್ಯಾದೆ.

ಅವನು “ಸರಿ” ಎಂದು ತಾನೇ ಕುಡಿದುಬಿಟ್ಟ.

‘ಎಂಥಾ ಜನ!’ ಹಸಿವಿನಲ್ಲಿ ಅವಳಿಗೆ ಅಳುವೇ ಬಂತು.

ಸಂಜೆ ಫೋನಿನಲ್ಲಿ ಇದನ್ನು ಕೇಳಿ ಊರಿನ ಚಿಕ್ಕಮ್ಮ ನಕ್ಕಿದ್ದೇ ನಕ್ಕಿದ್ದು. “ಅಲ್ಲಿ ಒಂದೇ ಸಲ ಕೇಳೋದಂತೆ ಕಣೇ!”

ಅಂದೇ ಪುಟ್ಟ ನೋಟ್‌ಬುಕ್ ತೆರೆದು ಬರೆದಳು: ಕೊಟ್ಟರೆ ಮೊದಲ ಸಲಕ್ಕೇ ತೆಗೆದುಕೊಳ್ಳಬೇಕು. ದಿನ ಕಳೆದಂತೆ ಇನ್ನೂ ಸೇರಿದವು: ಹೇಳದೆ ಯಾರ ಮನೆಗೂ ಹೋಗಬಾರದು. ಮದುವೆ ಆಗಿದೆಯಾ ಎಂದು ಗಿರಾಕಿಗಳನ್ನು ಕೇಳಬಾರದು! ಮಾಡಿದ ತಪ್ಪು ಮತ್ತೆ ಮಾಡುವ ಜಾಯಮಾನ ಅವಳದಲ್ಲ.

ಆರು ತಿಂಗಳು ದಿನಾ ಅವನ ಕಾಫಿ ಕುಡಿದಳು. ಆಮೇಲೊಂದು ದಿನ ಅವನೆಂದ, “ನೀವಂದ್ರೆ ನಂಗಿಷ್ಟ. ಭಾನುವಾರ ನನ್ನ ಜೊತೆ ಹೊಳೆ ಕಡೆ ಬರ್ತೀರಾ?”

ಆ ಗಡಿಬಿಡಿಯಲ್ಲಿ ನೋಟ್‌ಬುಕ್ಕೂ ಇಲ್ಲ, ಗೀಟ್‌ಬುಕ್ಕೂ ಇಲ್ಲ!

“ಅಯ್ಯೋ, ಬೇಡ...”

“ಸರಿ.” ಅವನ ಮುಖ ಸಪ್ಪಗಾಯಿತು. ಮತ್ತೆ ಕೇಳಲೇ ಇಲ್ಲ.

‘ಇನ್ನೊಂದು ಸಲ ಕೇಳಿದ್ದರೆ ಅವನ ಗಂಟೇನು ಹೋಗ್ತಿತ್ತು?’ ಮೂರು ವಾರ ಅವಳೂ ಮುಖ ಊದಿಸಿಕೊಂಡಳು. ಅಷ್ಟರಲ್ಲಿ ಅಂಗಡಿಯ ಯಜಮಾನಿ ಹೇಳಿದರು, “ಮಾಸ್ಟರ್ ನಾಳೆಯಿಂದ ಬೇರೆ ಊರಿನ ನಮ್ಮ ಅಂಗಡಿಗೆ ಹೋಗ್ತಾರೆ. ತಾವಾಗೇ ಕೇಳ್ಕೊಂಡಿದ್ದಾರೆ.”

ಅವಳ ಹೊಲಿಗೆ ಮಿಷನ್ ನಿಂತಿತು. ‘ಕಾಯ್ತಾ ಕೂತ್ರೆ ಆಯ್ತು ನನ್ನ ಕಥೆ!’ ನೇರ ಹೋಗಿ ಅವನ ಕೈಯ ಕತ್ತರಿ ಕಿತ್ತಿಟ್ಟಳು.

“ಯಾಕೆ ಮತ್ತೆ ಕೇಳ್ಲಿಲ್ಲ?”

“ಬೇಡ ಅಂದ್ರಲ್ಲ... ನಿಮ್ಮ ಮಾತಿಗೆ ಬೆಲೆ ಕೊಡಬೇಡ್ವಾ?”

ಅವಳ ಕಣ್ಣು ತುಂಬಿತು. ಇದನ್ನೇ ಸೊಕ್ಕು ಅಂದುಕೊಂಡಿದ್ದಳಲ್ಲ!

“ನಮ್ಮಲ್ಲಿ ಮೂರು ಸಲ ಕೇಳಿಸ್ಕೊಂಡೇ ಹೂಂ ಅನ್ನೋದು. ಮೊದಲನೇ ಬೇಡ ಬರೀ ನಾಚಿಕೆ ರೀ. ತಪ್ಪು ನಂದೇ. ಇನ್ಮೇಲೆ ನಾನು ಬೇಡ ಅಂದ್ರೆ ಬೇಡ, ಬೇಕು ಅಂದ್ರೆ ಬೇಕು. ಈಗ ನಾನೇ ಕೇಳ್ತೀನಿ... ನನಗೆ ನೀವು ಬೇಕು. ಇಲ್ಲೇ ಇರ್ತೀರಾ?”

ಅವನು ಕುತ್ತಿಗೆಯ ಟೇಪು ತೆಗೆದು ಮೇಜಿನ ಮೇಲಿಟ್ಟ. “ಇರ್ತೀನಿ.”

ಅವಳು ಅಳುತ್ತಲೇ ನಕ್ಕಳು. ಅವನು ಕಪ್ ತುಂಬಿಸಿ ತಂದ.

“ಕಾಫಿ ತಗೋತೀರಾ?”

“ಹೂಂ.”

“ತಗೊಳ್ಳಿ, ಪರವಾಗಿಲ್ಲ...”

“ಹೂಂ ಅಂದೆನಲ್ಲ!”

“ಒಂದೇ ಗುಟುಕು... ತಗೊಳ್ಳಿ.”

“ಏನ್ರೀ ಇದು?”

“ಮೂರು ಸಲ ಕೇಳೋದನ್ನ ಅಭ್ಯಾಸ ಮಾಡ್ಕೋತಿದ್ದೀನಿ,” ಎಂದ ಮೆಲ್ಲಗೆ. “ನಿಮ್ಮ ಮನೆ ಜನ ನಮ್ಮಲ್ಲಿಗೆ ಬಂದಾಗ ನಾನು ತಪ್ಪು ಮಾಡಬಾರದಲ್ಲ...”